ಗದಗದ ಒಂದು ಮುದ್ರಣಾಲಯ, ಗುರುತು ಸಿಗದ ನಾಲ್ಕು ಕಡಿತಗಳು: ಒಂದು ಪ್ರಕರಣ ಅಧ್ಯಯನ

ಹೊಸ ವರ್ಷದ ಕ್ಯಾಲೆಂಡರು, ಡೈರಿ ಮತ್ತು ಮದುವೆ ಹಂಗಾಮಿನ ಲಗ್ನಪತ್ರಿಕೆಗಳ ಕೆಲಸ ಒಟ್ಟಿಗೆ ಬಂದು ಬೀಳುವ ನವೆಂಬರ್ ತಿಂಗಳಲ್ಲಿ ಗದಗ-ಬೆಟಗೇರಿಯ ಮುದ್ರಣಾಲಯಗಳ ಮಾಲೀಕರಿಗೆ ಬ್ಯಾಂಕ್ ಲೆಕ್ಕ ನೋಡುವಷ್ಟು ಬಿಡುವು ಇರುವುದಿಲ್ಲ. 2024ರ ನವೆಂಬರ್‌ನಲ್ಲಿ ಅಂಥದೊಂದು ಸಣ್ಣ ಮುದ್ರಣಾಲಯದ ಲೆಕ್ಕವನ್ನು ಜಿಎಸ್‌ಟಿ ರಿಟರ್ನಿಗಾಗಿ ಹೊಂದಿಸುತ್ತಿದ್ದಾಗ, ಯಾವ ಬಿಲ್ಲಿಗೂ ತಾಳೆಯಾಗದ ಕೆಲವು ಕಡಿತಗಳು ಕಣ್ಣಿಗೆ ಬಿದ್ದವು. ಲೆಕ್ಕ ಬರೆಯುವವರು ಮಾಲೀಕರ ಮಗಳು, ತೆರಿಗೆಯ ಕೆಲಸ ನಮ್ಮ ಕಚೇರಿಯದು. ಚಾಲ್ತಿ ಖಾತೆ ಮತ್ತು ಕ್ರೆಡಿಟ್ ಕಾರ್ಡುಗಳ ಅಂದಿನವರೆಗಿನ ಸ್ಟೇಟ್‌ಮೆಂಟುಗಳನ್ನು ಹಿಡಿದುಕೊಂಡು ತಂದೆ-ಮಗಳು ಇಬ್ಬರೂ ಕಚೇರಿಗೆ ಬಂದರು. ಮಾಲೀಕರ ಒಪ್ಪಿಗೆ ಪಡೆದು, ಅವರ ಗುರುತು ಬಿಟ್ಟು, ಆ ಪ್ರಕರಣವನ್ನು ಇಲ್ಲಿ ದಾಖಲಿಸಿದ್ದೇನೆ.

ಮಾಲೀಕರು ಆಗಲೇ ತೀರ್ಮಾನಕ್ಕೆ ಬಂದಿದ್ದರು. "ನಾ ಇದ್ರಾಗ ಒಂದೂ ತೊಗೊಂಡಿಲ್ರಿ. ಎಲ್ಲಾ ಕಳ್ಳರದ್ದ ಕೆಲಸ. ಕಾರ್ಡ್ ಬಂದ್ ಮಾಡಿಸಿ ಸೈಬರ್ ಪೊಲೀಸರಿಗೆ ಬರದು ಕೊಟ್ಟುಬಿಡೂಣು" ಎಂದರು. ಅವರ ಸಿಟ್ಟು ಸಹಜವಾಗಿತ್ತು, ಆದರೆ ಹಾಗೆ ಮಾಡಿದ್ದರೆ ನಾಲ್ಕರಲ್ಲಿ ಮೂರು ದೂರುಗಳು ಸುಳ್ಳಾಗುತ್ತಿದ್ದವು, ನಿಜವಾದ ನಾಲ್ಕನೆಯದು ಅವುಗಳ ಜೊತೆ ಬಲ ಕಳೆದುಕೊಳ್ಳುತ್ತಿತ್ತು. ಖಾತೆದಾರನಿಗೆ ಪರಿಚಯವಿಲ್ಲದ ಕಡಿತವೆಲ್ಲ ಅವನ ಅನುಮತಿಯಿಲ್ಲದ ಕಡಿತವಾಗಿರುವುದಿಲ್ಲ. ಯಾವುದು ಯಾವ ಬಗೆಯದೆಂದು ತಿಳಿಯುವ ಮೊದಲೇ ವಂಚನೆಯೆಂದು ಬರೆದುಕೊಟ್ಟರೆ, ಮಾರಾಟಗಾರ ಹಿಂದಿನ ವರ್ಷದ ತಕರಾರಿಲ್ಲದ ಪಾವತಿಯನ್ನೂ ಖಾತೆ ತೆರೆದ ಇಮೇಲನ್ನೂ ಬ್ಯಾಂಕಿನ ಮುಂದಿಟ್ಟಾಗ ದೂರು ಬಿದ್ದುಹೋಗುತ್ತದೆ. ಆದ್ದರಿಂದ ಬ್ಯಾಂಕಿನ ಆ್ಯಪ್‌ನಲ್ಲಿ ಕ್ರೆಡಿಟ್ ಕಾರ್ಡನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ವಿದೇಶಿ ಬಳಕೆಯನ್ನು ಆಫ್ ಮಾಡಿ, ಅಂದೇ ಕುಳಿತು ಒಂದೊಂದೇ ನಮೂದನ್ನು ಓದುವುದೆಂದು ನಿಶ್ಚಯಿಸಿದೆವು. ಕಾರ್ಡಿನ ಇಂಥ ಬಳಕೆಗಳನ್ನು ಗ್ರಾಹಕನೇ ಆನ್-ಆಫ್ ಮಾಡುವ ಸೌಲಭ್ಯವನ್ನು ಬ್ಯಾಂಕುಗಳು ಕೊಡಲೇಬೇಕೆಂದು ರಿಸರ್ವ್ ಬ್ಯಾಂಕ್ 2020ರ ಜನವರಿಯಲ್ಲಿ ಆದೇಶಿಸಿತ್ತು. ಅದು ಎಷ್ಟು ಉಪಯುಕ್ತವೆಂದು ಇಂಥ ದಿನಗಳಲ್ಲಿ ತಿಳಿಯುತ್ತದೆ, ಏಕೆಂದರೆ ಮುಂದಿನ ಹಾನಿ ಆ ಕ್ಷಣದಲ್ಲೇ ನಿಲ್ಲುತ್ತದೆ ಮತ್ತು ಯೋಚಿಸಲು ಸಮಯ ಸಿಗುತ್ತದೆ.

ಸ್ಟೇಟ್‌ಮೆಂಟಿನ ಸಾಲು ಹೇಗೆ ಹುಟ್ಟುತ್ತದೆ ಎಂಬುದನ್ನು ಮೊದಲು ಅವರಿಗೆ ವಿವರಿಸಬೇಕಾಯಿತು. ಕಾರ್ಡ್ ವ್ಯವಹಾರದ ಸಂದೇಶದಲ್ಲಿ ವ್ಯಾಪಾರಿಯ ಹೆಸರು, ಊರು ಮತ್ತು ದೇಶದ ಸಂಕೇತಕ್ಕೆಂದು ಒಟ್ಟು 40 ಅಕ್ಷರಗಳ ಜಾಗವಿದ್ದು, ಹೆಸರಿನ ಪಾಲಿಗೆ ಬರುವುದು ಇಪ್ಪತ್ತಕ್ಕೆ ಸ್ವಲ್ಪ ಹೆಚ್ಚು ಅಕ್ಷರಗಳು ಮಾತ್ರ. ಉದ್ದದ ಹೆಸರು ಅಲ್ಲಿ ಅರ್ಧಕ್ಕೆ ತುಂಡಾಗುತ್ತದೆ. ಇದಲ್ಲದೆ, ಸಣ್ಣ ಸಾಫ್ಟ್‌ವೇರ್ ತಯಾರಕರು ಬಹುಮಟ್ಟಿಗೆ ತಾವೇ ಹಣ ವಸೂಲಿ ಮಾಡುವುದಿಲ್ಲ. ಲಂಡನ್ನಿನ ಪ್ಯಾಡಲ್, ಅಮೆರಿಕದ ಫಾಸ್ಟ್‌ಸ್ಪ್ರಿಂಗ್, ಜರ್ಮನಿಯ ಕ್ಲೆವರ್‌ಬ್ರಿಜ್ ಮುಂತಾದ ಸಂಸ್ಥೆಗಳು ಕಾನೂನಿನ ಪ್ರಕಾರ ತಾವೇ ಮಾರಾಟಗಾರರಾಗಿ ನಿಂತು, ತೆರಿಗೆ ಕಟ್ಟಿ, ಉಳಿದದ್ದನ್ನು ತಯಾರಕರಿಗೆ ಕೊಡುತ್ತವೆ. ಹೀಗಾಗಿ ಸಾಲಿನಲ್ಲಿ ಮೊದಲು ಮರುಮಾರಾಟ ಸಂಸ್ಥೆಯ ಹೆಸರು, ಅದರ ಮುಂದೊಂದು ನಕ್ಷತ್ರ ಚಿಹ್ನೆ, ಅದರಾಚೆ ತಂತ್ರಾಂಶದ ಹೆಸರಿನ ಒಂದು ತುಣುಕು ಬರುತ್ತದೆ. ಗ್ರಾಹಕ ಕೊಂಡದ್ದು ಆ ತುಣುಕನ್ನು, ಅವನಿಗೆ ಎದ್ದು ಕಾಣುವುದು ಅದರ ಹಿಂದಿರುವ ಕೇಳರಿಯದ ಹೆಸರು. ಸಾಲಿನ ಬರವಣಿಗೆ ಬ್ಯಾಂಕುಗಳ ನಡುವಿನ ಲೆಕ್ಕಕ್ಕಾಗಿ ರೂಪುಗೊಂಡದ್ದರಿಂದ, ಅದನ್ನು ಸಾಮಾನ್ಯ ಓದುಗ ಅರ್ಥ ಮಾಡಿಕೊಳ್ಳಲಾಗದಿದ್ದರೆ ತಪ್ಪು ಅವನದಲ್ಲ.

ಮಾಲೀಕರನ್ನು ಹೆಚ್ಚು ಕಂಗೆಡಿಸಿದ್ದು ಕ್ರೆಡಿಟ್ ಕಾರ್ಡಿನ ಮೂರು ಸಾಲುಗಳು: ₹4,885.79, ₹171.00, ₹30.78. ಮೊದಲನೆಯದರ ಪಕ್ಕ ಇಂಥದೇ ಒಂದು ವಿದೇಶಿ ಹೆಸರು, ನಕ್ಷತ್ರ, ಐದಾರು ಅಕ್ಷರ ಇದ್ದವು. ಉಳಿದೆರಡು ಬೇರೆ ತಾರೀಖಿನಲ್ಲಿ, ಬೇರೆ ಪುಟದಲ್ಲಿದ್ದವು. ಮೂರು ಬಾರಿ ಯಾರೋ ಕೈಹಾಕಿದ್ದಾರೆಂದು ಅವರು ಎಣಿಸಿದ್ದರು. ಆದರೆ 171.00 ಎಂಬುದು 4,885.79ರ ಶೇಕಡಾ 3.5, ಅಂದರೆ ವಿದೇಶಿ ಕರೆನ್ಸಿಯ ವ್ಯವಹಾರಕ್ಕೆ ಬ್ಯಾಂಕ್ ಸೇರಿಸುವ ಶುಲ್ಕ. 30.78 ಎಂಬುದು ಆ ಶುಲ್ಕದ ಮೇಲಿನ ಶೇಕಡಾ 18 ಜಿಎಸ್‌ಟಿ. ಮೂರೂ ಒಂದೇ ಖರೀದಿಯ ಭಾಗಗಳು, ಒಟ್ಟು ₹5,087.57.

ಸ್ಟೇಟ್‌ಮೆಂಟಿನ ವಿದೇಶಿ ಮೊತ್ತದ ಅಂಕಣದಲ್ಲಿ 57.82 ಡಾಲರ್ ಎಂದಿತ್ತು. ಯಾವ ತಂತ್ರಾಂಶಕ್ಕೂ ಇಂಥ ಮುರುಕು ಬೆಲೆ ಇಡುವುದಿಲ್ಲ. ವಿದೇಶದಿಂದ ಆನ್‌ಲೈನ್ ಸೇವೆ ಮಾರುವವರು ಜಿಎಸ್‌ಟಿ ನೋಂದಣಿಯಿಲ್ಲದ ಭಾರತೀಯ ಗ್ರಾಹಕರಿಂದ ಶೇಕಡಾ 18 ಐಜಿಎಸ್‌ಟಿ (ರಾಜ್ಯ ಅಥವಾ ದೇಶದ ಗಡಿ ದಾಟಿದ ವ್ಯವಹಾರದ ಜಿಎಸ್‌ಟಿ) ವಸೂಲಿ ಮಾಡಬೇಕೆಂಬ ನಿಯಮ ನೆನಪಿಗೆ ಬಂದು, 57.82ನ್ನು 1.18ರಿಂದ ಭಾಗಿಸಿದಾಗ ಸರಿಯಾಗಿ 49 ಡಾಲರ್ ಸಿಕ್ಕಿತು. ಅದು ಗುರುತಿಸಬಲ್ಲ ಬೆಲೆ, ಬಹುಶಃ ಒಂದು ವರ್ಷದ ಚಂದಾ. ರೂಪಾಯಿಯ ಮೊತ್ತವನ್ನು ಹಿಡಿದು ಹುಡುಕುವವರಿಗೆ ಈ ದಾರಿ ತೆರೆಯುವುದೇ ಇಲ್ಲ, ಏಕೆಂದರೆ ಡಾಲರಿನ ದರ ದಿನವೂ ಬದಲಾಗುತ್ತದೆ. ಮುದ್ರಣಾಲಯದ ಇಮೇಲಿನಲ್ಲಿ 57.82 ಎಂದು ಹುಡುಕಿದಾಗ ಪ್ರಚಾರದ ಪತ್ರಗಳ ವಿಭಾಗದಲ್ಲಿ ರಸೀದಿ ಸಿಕ್ಕಿತು, ಅದರ ಕೆಳಗೆ 2023ರ ನವೆಂಬರಿನ ಇನ್ನೊಂದು ರಸೀದಿಯೂ ಇತ್ತು. ಹಿಂದಿನ ವರ್ಷ ಕಾರ್ಡಿನಿಂದ ಹೋಗಿದ್ದು ₹4,816.41. ಮೊತ್ತ ಬೇರೆಯಾದ್ದರಿಂದ ಎರಡು ವರ್ಷಗಳ ಸ್ಟೇಟ್‌ಮೆಂಟುಗಳನ್ನು ಪಕ್ಕಪಕ್ಕ ಇಟ್ಟಿದ್ದರೂ ಒಂದೇ ಚಂದಾ ಎಂದು ಯಾರಿಗೂ ಹೊಳೆಯುತ್ತಿರಲಿಲ್ಲ.

ತಂತ್ರಾಂಶ ಪಿಡಿಎಫ್ ಪುಟಗಳನ್ನು ತಿದ್ದಿ ಜೋಡಿಸುವಂಥದು. ಒಂದು ಶಾಲಾ ಸ್ಮರಣ ಸಂಚಿಕೆಯ ಪುಟಗಳನ್ನು ತುರ್ತಾಗಿ ಜೋಡಿಸಲು ಏಳು ದಿನಗಳ ಉಚಿತ ಬಳಕೆಗೆಂದು ಅದನ್ನು ಇಳಿಸಿಕೊಂಡದ್ದನ್ನು ಮಗಳು ನೆನಪಿಸಿಕೊಂಡರು. ಉಚಿತ ಎಂಬ ಮಾತು ದೊಡ್ಡಕ್ಷರದಲ್ಲಿದ್ದು, ಏಳು ದಿನಗಳ ನಂತರ ಒಂದು ವರ್ಷದ ಹಣ ತಾನಾಗಿಯೇ ಕಡಿತವಾಗುತ್ತದೆಂಬ ಮಾತು ಕಾರ್ಡ್ ವಿವರ ತುಂಬುವ ಜಾಗದ ಕೆಳಗೆ ಮಸುಕು ಅಕ್ಷರದಲ್ಲಿತ್ತು. ಕೆಲಸ ಮುಗಿದ ಮೇಲೆ ಕಂಪ್ಯೂಟರಿನಿಂದ ತಂತ್ರಾಂಶ ತೆಗೆದುಹಾಕಿದ್ದರು. ತಂತ್ರಾಂಶ ತೆಗೆದರೂ ಚಂದಾ ನಿಲ್ಲುವುದಿಲ್ಲ ಎಂಬುದನ್ನು ಎಷ್ಟು ಸಲ ಹೇಳಿದರೂ ಸಾಲದು. ಉಚಿತ ಬಳಕೆಗೂ ಹಣ ಕಡಿತದ ಅನುಮತಿ ಪಡೆಯುವುದು, ರದ್ದುಮಾಡುವ ದಾರಿಯನ್ನು ಮರೆಮಾಡುವುದು ಇವೆಲ್ಲವನ್ನೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಡಾರ್ಕ್ ಪ್ಯಾಟರ್ನ್ ಮಾರ್ಗಸೂಚಿಯಲ್ಲಿ ಚಂದಾ ಬಲೆ ಎಂಬ ಶೀರ್ಷಿಕೆಯಡಿ ನಿಷೇಧಿಸಿದೆ. ಅಲ್ಲಿ ಹೆಸರಿಸಿರುವ 13 ಬಗೆಯ ಮೋಸದ ವಿನ್ಯಾಸಗಳಲ್ಲಿ ಸಣ್ಣ ವ್ಯಾಪಾರಿಗಳನ್ನು ಹೆಚ್ಚು ಕಾಡುವುದು ಇದೇ ಎಂದು ನನ್ನ ಅನುಭವ ಹೇಳುತ್ತದೆ.

ಆದರೆ ಬ್ಯಾಂಕಿನಿಂದ ಮುನ್ಸೂಚನೆ ಏಕೆ ಬರಲಿಲ್ಲ ಎಂಬ ಪ್ರಶ್ನೆ ಮಾಲೀಕರನ್ನು ಕೊರೆಯುತ್ತಿತ್ತು, ಅದು ನ್ಯಾಯವಾದ ಪ್ರಶ್ನೆ. ಕಾರ್ಡಿನ ಮೇಲಿನ ಪುನರಾವರ್ತಿತ ಕಡಿತಗಳಿಗೆ ರಿಸರ್ವ್ ಬ್ಯಾಂಕ್ 2019ರ ಆಗಸ್ಟ್‌ನಲ್ಲಿ ರೂಪಿಸಿ, 2021ರ ಅಕ್ಟೋಬರ್ 1ರಿಂದ ಕಟ್ಟುನಿಟ್ಟಾಗಿ ಜಾರಿಗೆ ತಂದ ಇ-ಮ್ಯಾಂಡೇಟ್ ನಿಯಮದಂತೆ, ನೋಂದಣಿಯ ವೇಳೆ ಒಟಿಪಿ ಬೇಕು, ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮೊದಲು ವ್ಯಾಪಾರಿಯ ಹೆಸರು, ಮೊತ್ತ, ದಿನಾಂಕಗಳ ಸೂಚನೆ ಬರಬೇಕು, ಮತ್ತು ಆ ಸೂಚನೆಯಿಂದಲೇ ಗ್ರಾಹಕ ಹೊರಬರಲು ಸಾಧ್ಯವಾಗಬೇಕು. ಒಟಿಪಿ ಇಲ್ಲದೆ ಸಾಗಬಹುದಾದ ಮಿತಿಯನ್ನು 2022ರ ಜೂನ್‌ನಲ್ಲಿ ₹5,000ದಿಂದ ₹15,000ಕ್ಕೆ ಏರಿಸಲಾಯಿತು. ಇವೆಲ್ಲ ನಡೆಯುವುದು ಕಡಿತವು ಮ್ಯಾಂಡೇಟ್ ಎಂದು, ಅಂದರೆ ಮತ್ತೆ ಮತ್ತೆ ಹಣ ಕಡಿಯಲು ಗ್ರಾಹಕ ಮೊದಲೇ ಕೊಟ್ಟ ಅನುಮತಿಯೆಂದು, ನೋಂದಣಿಯಾಗಿದ್ದರೆ ಮಾತ್ರ. ಈ ವಿದೇಶಿ ಮಾರಾಟಗಾರ ಪ್ರತಿ ವರ್ಷವೂ ಅದನ್ನು ಹೊಸ ಬಿಡಿ ಖರೀದಿಯೆಂಬಂತೆ ಕಳಿಸಿದ್ದರಿಂದ ಬ್ಯಾಂಕಿನ ಮ್ಯಾಂಡೇಟ್ ಪಟ್ಟಿಯಲ್ಲಿ ಅದು ಇರಲೇ ಇಲ್ಲ, ದೇಶದೊಳಗಿನ ಆನ್‌ಲೈನ್ ಖರೀದಿಗೆ ಕಡ್ಡಾಯವಾಗಿದ್ದ ಒಟಿಪಿಯ ಅಡ್ಡಗೋಡೆಯೂ ಆಗ ವಿದೇಶಿ ಮಾರಾಟಗಾರರಿಗೆ ಅದೇ ರೀತಿಯಲ್ಲಿ ಇರಲಿಲ್ಲ. ಮ್ಯಾಂಡೇಟ್ ಪಟ್ಟಿ ಖಾಲಿಯಿದೆಯೆಂದು ನಿಶ್ಚಿಂತರಾಗುವವರು ಈ ಸಂದನ್ನು ಗಮನಿಸಬೇಕು.

ಮರುಮಾರಾಟ ಸಂಸ್ಥೆಯ ಜಾಲತಾಣದಲ್ಲಿ ಇಮೇಲ್ ವಿಳಾಸ ಮತ್ತು ಕಾರ್ಡಿನ ಕೊನೆಯ ನಾಲ್ಕು ಅಂಕಿಗಳನ್ನು ಕೊಟ್ಟು ಖರೀದಿ ಹುಡುಕುವ ಪುಟವಿತ್ತು. ಅಲ್ಲಿಂದಲೇ ಚಂದಾ ರದ್ದಾಯಿತು. ಚಂದಾದ ಹೊಸ ವರ್ಷದಲ್ಲಿ ತಂತ್ರಾಂಶವನ್ನು ಒಮ್ಮೆಯೂ ತೆರೆದಿಲ್ಲವೆಂದು ನಾಲ್ಕು ಸಾಲಿನ ಮನವಿ ಕಳಿಸಿದಾಗ ಈ ವರ್ಷದ 57.82 ಡಾಲರ್ ವಾಪಸು ಬಂತು. ರೂಪಾಯಿಯಲ್ಲಿ ಅದು ₹4,862.66 ಆಯಿತು. ಅಂದಿನ ದರ ಕಡಿಮೆಯಿತ್ತು, ಬ್ಯಾಂಕ್ ತನ್ನ ಶುಲ್ಕವನ್ನೂ ಅದರ ಮೇಲಿನ ತೆರಿಗೆಯನ್ನೂ ಹಿಂದಿರುಗಿಸಲಿಲ್ಲ. ಹೀಗೆ ₹224.91 ನಷ್ಟವಾಗಿ ಉಳಿಯಿತು. ವಾಪಸು ಬಂದ ಮೊತ್ತ ಹೋದ ಮೊತ್ತಕ್ಕೆ ಸಮನಾಗದಿದ್ದರೆ ಅದನ್ನೂ ಹೊಸ ಅನುಮಾನವಾಗಿ ನೋಡಬೇಕಿಲ್ಲವೆಂದು ಮಗಳಿಗೆ ಲೆಕ್ಕ ಬಿಡಿಸಿ ತೋರಿಸಿದೆ.

ಎರಡನೆಯ ನಮೂದು ಚಾಲ್ತಿ ಖಾತೆಯ ಡೆಬಿಟ್ ಕಾರ್ಡಿನಿಂದ ಪ್ರತಿ ತಿಂಗಳೂ ಹೋಗುತ್ತಿದ್ದ ₹1,770. ಬ್ಯಾಂಕಿನ ಮ್ಯಾಂಡೇಟ್ ಪಟ್ಟಿಯಲ್ಲಿ ಅದು ಸ್ಪಷ್ಟವಾಗಿ ಕಂಡಿತು: ಒಂದು ವಿನ್ಯಾಸ ತಂತ್ರಾಂಶ, ನೋಂದಣಿ 2023ರಲ್ಲಿ. ಮಾಲೀಕರ ಮೊಬೈಲಿನಲ್ಲಿ ಪ್ರತಿ ತಿಂಗಳ ಮುನ್ಸೂಚನೆಯೂ ಇತ್ತು. ಸಾಲ, ಲಾಟರಿಗಳ ಸಂದೇಶಗಳ ನಡುವೆ ಅದನ್ನು ಅವರು ಜಾಹೀರಾತೆಂದು ತಳ್ಳಿಹಾಕಿದ್ದರು. ಆದರೆ ಮುದ್ರಣಾಲಯದ ಯಾವ ಇಮೇಲಿನಲ್ಲೂ ಅದರ ರಸೀದಿ ಇರಲಿಲ್ಲ. ಚಂದಾ ತೆರೆದಿದ್ದವನು ಆಗ ಅಲ್ಲಿ ಕೆಲಸಕ್ಕಿದ್ದ ವಿನ್ಯಾಸಗಾರ, ತನ್ನ ಸ್ವಂತ ಇಮೇಲಿನಲ್ಲಿ. 2024ರ ಯುಗಾದಿಯ ಹೊತ್ತಿಗೆ ಅವನು ಕೆಲಸ ಬಿಟ್ಟು ಬೆಂಗಳೂರಿಗೆ ಹೋಗಿದ್ದ.

ಇಲ್ಲಿ ವಿಷಯ ಹಣಕ್ಕಿಂತ ಸೂಕ್ಷ್ಮವಾಯಿತು. ಉಂಡ ಮನೆಗೆ ಎರಡು ಬಗೆದ ಎಂದು ಮಾಲೀಕರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲು ಹೊರಟರು. "ತಡಿ ಅಪ್ಪಾ, ಒಟಿಪಿ ಹೇಳಿದಾಕಿ ನಾನ, ನೀನ ಹೇಳು ಅಂದಿದ್ದಿ" ಎಂದು ಮಗಳು ಹೇಳಿದ ಮೇಲೆ ಅವರು ಸುಮ್ಮನಾದರು. ಅಂದರೆ ಅನುಮತಿ ಇತ್ತು. ಆ ಅನುಮತಿಯನ್ನು ಯಾರೂ ವಾಪಸು ಪಡೆದಿರಲಿಲ್ಲ, ಅಷ್ಟೆ. ಹುಡುಗನಿಗೆ ಫೋನು ಮಾಡಿದಾಗ ಅವನೂ ಗಾಬರಿಯಾದ. ಹೊಸ ಕಚೇರಿ ತನ್ನದೇ ಖಾತೆ ಕೊಟ್ಟಿದ್ದರಿಂದ ಹಳೆಯದನ್ನು ಅವನು ತೆರೆದೇ ಇರಲಿಲ್ಲ. ಒಬ್ಬ ತರುಣನ ಹೆಸರು ಪೊಲೀಸ್ ದೂರಿನಲ್ಲಿ ಸೇರಿದರೆ ಅದು ಅವನ ನೌಕರಿಯನ್ನೇ ಕಸಿಯಬಹುದು. ಇಂಥ ದೂರನ್ನು ಬರೆಯುವ ಮುನ್ನ ಒಂದು ಫೋನ್ ಕರೆ ಮಾಡುವುದು ನಮ್ಮ ಕರ್ತವ್ಯವೆಂದು ನಾನು ದೃಢವಾಗಿ ನಂಬಿದ್ದೇನೆ.

ಬ್ಯಾಂಕಿನಲ್ಲಿ ಮ್ಯಾಂಡೇಟ್ ರದ್ದುಮಾಡಿದರೆ ಸಾಕಲ್ಲವೇ ಎಂಬ ಮಾತು ಬಂತು. ಅದರಿಂದ ಹಣ ಹೋಗುವುದು ನಿಲ್ಲುತ್ತದೆ, ಒಪ್ಪಂದ ನಿಲ್ಲುವುದಿಲ್ಲ. ಇಂಥ ಚಂದಾಗಳಲ್ಲಿ ಕೆಲವು ಪ್ರತಿ ತಿಂಗಳೂ ಹಣ ಪಡೆದರೂ ವಾಸ್ತವದಲ್ಲಿ ಇಡೀ ವರ್ಷದ ಕರಾರುಗಳಾಗಿದ್ದು, ನಡುವೆ ಬಿಟ್ಟವರಿಂದ ಉಳಿದ ತಿಂಗಳುಗಳ ಒಂದು ಪಾಲನ್ನು ಕೇಳುತ್ತವೆ. ಆದ್ದರಿಂದ ಕರಾರಿನ ಷರತ್ತು ಓದಿ, ಹುಡುಗನ ಸಹಾಯದಿಂದ ಖಾತೆಯ ಇಮೇಲನ್ನು ಮುದ್ರಣಾಲಯದ ವಿಳಾಸಕ್ಕೆ ಬದಲಾಯಿಸಿಕೊಳ್ಳಲಾಯಿತು. ಕ್ಯಾಲೆಂಡರಿನ ಕೆಲಸಕ್ಕೆ ಆ ತಂತ್ರಾಂಶ ಬೇಕಾಗಿಯೂ ಇತ್ತು. ಅದಿಲ್ಲದೆ ಹಳೆಯ ಆವೃತ್ತಿಯಲ್ಲಿ ಹೆಣಗುತ್ತಿದ್ದ ಈಗಿನ ವಿನ್ಯಾಸಗಾರನಿಗೆ ಅದು ಸಿಕ್ಕಿತು.

ಮೂರನೆಯದು ಯುಪಿಐ ಆಟೊಪೇ ಮೂಲಕ ತಿಂಗಳಿಗೆ ₹130. ಸಾಲಿನಲ್ಲಿ ಗೂಗಲ್ ಪ್ಲೇ ಎಂದು ಮಾತ್ರ ಇದ್ದುದರಿಂದ ಮೊಮ್ಮಕ್ಕಳು ಯಾವುದೋ ಆಟ ಕೊಂಡಿರಬೇಕೆಂದು ಮಾಲೀಕರು ತಿಳಿದಿದ್ದರು. ಮೊಬೈಲಿನ ಪ್ಲೇ ಸ್ಟೋರಿನಲ್ಲಿ ಚಂದಾಗಳ ಪುಟ ತೆರೆದಾಗ ಅದು 100 ಜಿಬಿ ಸಂಗ್ರಹದ ಚಂದಾ ಎಂದು ತಿಳಿಯಿತು. ಗ್ರಾಹಕರು ಕಳಿಸುವ ಭಾರೀ ಕಡತಗಳಿಂದ ಉಚಿತ 15 ಜಿಬಿ ತುಂಬಿ ಹೋದಾಗ ಅವರೇ ಪಡೆದದ್ದು. ಜಿಮೇಲ್, ಡ್ರೈವ್ ಮತ್ತು ಫೋಟೊಗಳಿಗೆ ಆ ಜಾಗ ಒಂದೇ ಆದ್ದರಿಂದ, ಸಿಟ್ಟಿನಲ್ಲಿ ಅದನ್ನು ರದ್ದುಮಾಡಿದ್ದರೆ ನವೆಂಬರಿನ ನಟ್ಟನಡುವೆ ಗ್ರಾಹಕರ ಪ್ರೂಫುಗಳಿರುವ ಇಮೇಲುಗಳು ಬರುವುದೇ ನಿಲ್ಲುತ್ತಿತ್ತು. ಅದನ್ನು ಹಾಗೆಯೇ ಉಳಿಸಿಕೊಂಡರು.

ಉಳಿದದ್ದು ಕ್ರೆಡಿಟ್ ಕಾರ್ಡಿನ ಎರಡು ಸಣ್ಣ ಸಾಲುಗಳು. ಮೊದಲು 1 ಡಾಲರ್, ಎರಡು ದಿನ ಬಿಟ್ಟು 29.99 ಡಾಲರ್, ರೂಪಾಯಿಯಲ್ಲಿ ₹84.50 ಮತ್ತು ₹2,534.16. ಇವಕ್ಕೆ ಯಾವ ಇಮೇಲಿನಲ್ಲೂ ರಸೀದಿ ಇರಲಿಲ್ಲ, ಮ್ಯಾಂಡೇಟ್ ಇರಲಿಲ್ಲ, ಹಿಂದಿನ ವರ್ಷದ ಜೋಡಿ ನಮೂದು ಇರಲಿಲ್ಲ, ಮನೆಯಲ್ಲಾಗಲಿ ಕೆಲಸಗಾರರಲ್ಲಾಗಲಿ ಯಾರಿಗೂ ತಿಳಿದಿರಲಿಲ್ಲ. 29.99ನ್ನು 1.18ರಿಂದ ಭಾಗಿಸಿದರೆ ಗುರುತಿಸಬಲ್ಲ ಬೆಲೆಯೂ ಬರಲಿಲ್ಲ, ಅಂದರೆ ಭಾರತದ ತೆರಿಗೆಯನ್ನೇ ಸೇರಿಸಿರಲಿಲ್ಲ. ಬ್ಯಾಂಕಿನ ಸಹಾಯವಾಣಿಯಲ್ಲಿ ವ್ಯಾಪಾರಿ ವರ್ಗ ಸಂಕೇತ ಕೇಳಿದಾಗ 5816 ಎಂದರು. ತಂತ್ರಾಂಶದ ಅಂಗಡಿಗಳಿಗೆ 5734, ಡಿಜಿಟಲ್ ಆ್ಯಪ್‌ಗಳಿಗೆ 5817 ಇರುವಂತೆ 5816 ಡಿಜಿಟಲ್ ಆಟಗಳಿಗೆ ಮೀಸಲಾದ ಸಂಕೇತ. ಮೊದಲು ಒಂದು ಡಾಲರ್ ಎಳೆದು ಕಾರ್ಡ್ ಜೀವಂತವಿದೆಯೇ ಎಂದು ನೋಡಿ ನಂತರ ದೊಡ್ಡ ಮೊತ್ತಕ್ಕೆ ಕೈಹಾಕುವುದು ಕದ್ದ ಕಾರ್ಡ್ ಸಂಖ್ಯೆ ಬಳಸುವವರ ಪರಿಚಿತ ಕ್ರಮ. ಇದೊಂದು ನಿಜವಾದ ವಂಚನೆಯೆಂದು ಆಗ ಖಚಿತವಾಗಿ ಹೇಳಬಹುದಾಗಿತ್ತು.

ಅಂದೇ ಕಾರ್ಡನ್ನು ಶಾಶ್ವತವಾಗಿ ರದ್ದುಮಾಡಿಸಿ ಲಿಖಿತ ದೂರು ಕೊಟ್ಟೆವು. ಆದರೆ ಅಷ್ಟರಲ್ಲಿ, ದೊಡ್ಡ ಕಡಿತದ ಸಂದೇಶ ಬಂದ ದಿನವನ್ನು ಬಿಟ್ಟು ಎಣಿಸಿದರೆ, ಐದನೆಯ ಕೆಲಸದ ದಿನವಾಗಿತ್ತು. ಅನಧಿಕೃತ ವ್ಯವಹಾರಗಳ ಬಗ್ಗೆ ಆಗ ಜಾರಿಯಲ್ಲಿದ್ದ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಂತೆ, ತಪ್ಪು ಗ್ರಾಹಕನದೂ ಬ್ಯಾಂಕಿನದೂ ಅಲ್ಲದಿದ್ದಾಗ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕನ ಹೊಣೆ ಶೂನ್ಯ. ನಾಲ್ಕರಿಂದ ಏಳನೆಯ ದಿನದೊಳಗೆ ತಿಳಿಸಿದರೆ ಹೊಣೆಗೆ ಒಂದು ಮಿತಿಯಿತ್ತು, ₹5 ಲಕ್ಷದವರೆಗಿನ ಮಿತಿಯ ಕ್ರೆಡಿಟ್ ಕಾರ್ಡಿಗೆ ಅದು ₹10,000. ಕೇಳಲು ಇದು ದೊಡ್ಡ ರಕ್ಷಣೆಯಂತಿತ್ತು. ಆದರೆ ವ್ಯವಹಾರದ ಮೊತ್ತ ಮತ್ತು ₹10,000 ಇವೆರಡರಲ್ಲಿ ಕಡಿಮೆಯಾದದ್ದು ಗ್ರಾಹಕನ ಹೊಣೆ ಎಂಬುದು ಆ ನಿಯಮದ ಪೂರ್ಣ ಪಾಠ. ₹2,534ರ ಕಡಿತದಲ್ಲಿ ಕಡಿಮೆಯಾದದ್ದು ₹2,534, ಅಂದರೆ ಪೂರ್ತಿ ಹಣ! ಲಕ್ಷ ರೂಪಾಯಿ ಕಳೆದುಕೊಂಡವನಿಗೆ ನಾಲ್ಕನೆಯ ದಿನವೂ ನೆರವಾಗುತ್ತಿದ್ದ ಈ ನಿಯಮ, ಸಣ್ಣ ಮೊತ್ತ ಕಳೆದುಕೊಂಡವನಿಗೆ ಮೂರನೆಯ ದಿನದ ಸಂಜೆಗೇ ಮುಗಿದುಹೋಗುತ್ತಿತ್ತು. ಚಂದಾದಂತೆ ಕಾಣುವ ಕಳ್ಳಕಡಿತಗಳೆಲ್ಲ ಈ ಸಣ್ಣ ಮೊತ್ತದವೇ ಆದ್ದರಿಂದ, ಸಾವಿರ-ಎರಡು ಸಾವಿರವೆಂದು ತಿಂಗಳ ಕೊನೆಯವರೆಗೆ ಕಾಯುವವರೇ ಹೆಚ್ಚು ಕಳೆದುಕೊಳ್ಳುತ್ತಿದ್ದರು.

ಹಾಗೆಂದು ದಾರಿ ಪೂರ್ತಿ ಮುಚ್ಚಿರಲಿಲ್ಲ. ವೀಸಾ, ಮಾಸ್ಟರ್‌ಕಾರ್ಡ್‌ನಂಥ ಕಾರ್ಡ್ ಜಾಲದ ನಿಯಮಗಳಡಿ ಚಾರ್ಜ್‌ಬ್ಯಾಕ್, ಅಂದರೆ ವ್ಯಾಪಾರಿಯಿಂದ ಬ್ಯಾಂಕಿನ ಮೂಲಕ ಹಣ ಹಿಂಪಡೆಯುವ ಕ್ರಮ, ಕೇಳಲು ಸಾಮಾನ್ಯವಾಗಿ 120 ದಿನಗಳ ಅವಕಾಶವಿದೆ, ಅದು ರಿಸರ್ವ್ ಬ್ಯಾಂಕಿನ ಹೊಣೆ ನಿಯಮದಿಂದ ಬೇರೆಯಾದದ್ದು. ದೂರಿನಲ್ಲಿ ಈ ಎರಡು ಸಾಲುಗಳನ್ನು ಮಾತ್ರ ನಮೂದಿಸಿ, ಉಳಿದ ಕಡಿತಗಳು ತಮ್ಮವೇ ಎಂದು ಒಪ್ಪಿಕೊಂಡು, ರಸೀದಿಗಳ ಪ್ರತಿ ಸೇರಿಸಿ, ಚಾರ್ಜ್‌ಬ್ಯಾಕ್ ಎಂಬ ಪದವನ್ನೇ ಬಳಸಿ ಬರೆಯಲಾಯಿತು. ಬ್ಯಾಂಕ್ ಅದನ್ನು ಸ್ವೀಕರಿಸಿತು, ವ್ಯಾಪಾರಿಯ ಕಡೆಯಿಂದ ಪ್ರತಿವಾದ ಬರದೆ ಎರಡೂ ಮೊತ್ತಗಳು ಜಮೆಯಾದವು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಹೋಗಲು ಕರಡು ಸಿದ್ಧವಿತ್ತು, ಅದು ಬೇಕಾಗಲಿಲ್ಲ. ಕಾರ್ಡ್ ಸಂಖ್ಯೆ ಎಲ್ಲಿಂದ ಹೊರಬಿದ್ದಿತೆಂಬುದು ಕೊನೆಗೂ ತಿಳಿಯಲಿಲ್ಲ.

ಈಗ ಮಗಳ ಲೆಕ್ಕದ ಪುಸ್ತಕದಲ್ಲಿ ಚಂದಾಗಳಿಗೆಂದೇ ಒಂದು ಪುಟವಿದೆ. ತಂತ್ರಾಂಶದ ಹೆಸರಿನ ಎದುರು ಅದು ಸ್ಟೇಟ್‌ಮೆಂಟಿನಲ್ಲಿ ಯಾವ ಹೆಸರಿನಿಂದ ಬರುತ್ತದೆ, ಯಾರ ಇಮೇಲಿನಲ್ಲಿದೆ, ಯಾವ ಕಾರ್ಡು ಅಥವಾ ಯುಪಿಐ, ನವೀಕರಣ ಎಂದು ಎಂಬುದನ್ನು ಬರೆಯುತ್ತಾರೆ. ವಿದೇಶಿ ಬಳಕೆ ಆಫ್ ಆಗಿಯೇ ಇರುತ್ತದೆ, ಖರೀದಿಯ ದಿನ ಮಾತ್ರ ತೆರೆಯುತ್ತಾರೆ. ಎಲ್ಲ ಖಾತೆಗಳಲ್ಲೂ ಮುದ್ರಣಾಲಯದ ಜಿಎಸ್‌ಟಿ ಸಂಖ್ಯೆಯನ್ನು ತುಂಬಿಸಿದ್ದೇವೆ. ವಿದೇಶಿ ಮಾರಾಟಗಾರನಿಗೆ ಅದನ್ನು ಕೊಟ್ಟರೆ ಅವನು ಐಜಿಎಸ್‌ಟಿ ಸೇರಿಸುವುದಿಲ್ಲ, ಮುದ್ರಣಾಲಯವೇ ರಿವರ್ಸ್ ಚಾರ್ಜಿನಡಿ ತೆರಿಗೆ ಕಟ್ಟಿ ಹೂಡುವಳಿ ತೆರಿಗೆ ಜಮೆ (ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ಮಾರಾಟದ ತೆರಿಗೆಯಿಂದ ಕಳೆಯುವ ಸೌಲಭ್ಯ) ಪಡೆಯಬಹುದು. ವಿನ್ಯಾಸ ತಂತ್ರಾಂಶದ ₹1,770ರಲ್ಲಿ ₹270 ಜಿಎಸ್‌ಟಿಯಾಗಿದ್ದರೂ ಬಿಲ್ಲುಗಳು ಹುಡುಗನ ಸ್ವಂತ ಹೆಸರಿನಲ್ಲಿದ್ದುದರಿಂದ ಏಪ್ರಿಲ್‌ನಿಂದ ನವೆಂಬರ್‌ವರೆಗಿನ ₹2,160 ಜಮೆಯಾಗಿ ಸಿಗಲಿಲ್ಲ. ಆ ಎಂಟು ತಿಂಗಳ ಬಿಲ್ಲುಗಳನ್ನು ತಿದ್ದಿಕೊಡಲು ಕಂಪನಿ ಒಪ್ಪಲಿಲ್ಲ. ಡಿಸೆಂಬರಿನ ಬಿಲ್ಲು ಮುದ್ರಣಾಲಯದ ಹೆಸರಿನಲ್ಲಿ ಬಂದು, ಇಂಥ ಜಮೆಗಳನ್ನು ತೋರಿಸುವ ತಿಂಗಳ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಕಾಣಿಸಿಕೊಂಡಿತು.